ಹೆಸರು ಹೇಳದ ಪಾಪನಿವೇದನೆ



ಗಡಹಿಂಗ್ಲಜದ ಸಂತೆಯಲ್ಲಾಗಲಿ, ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಾಗಲಿ, ಕ್ರೈಸ್ತ ಕೂಲಿಯೊಬ್ಬ ನ್ಯಾಯದ ಮಾತೆತ್ತಿದರೆ ಸಾಕು, "ಮೊದಲು ಗೋವೆಯಲ್ಲಿ ನಿಮ್ಮವರು ಮಾಡಿದ್ದನ್ನು ಹೇಳಪ್ಪಾ" ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ನಿಮಗೂ ಈ ಪ್ರಶ್ನೆ ಹೊಸದಾಗಿರಲಾರದು. ಇದಕ್ಕೆ ನಮ್ಮ ಸಭೆಯ ಹಿರಿಯರಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು, ಅದೆಲ್ಲ ಕಟ್ಟುಕಥೆ. ಇನ್ನೊಂದು, ಅದು ಪರಂಗಿಯವರ ಕೆಲಸ, ನಮಗೇನು ಸಂಬಂಧ? ಈ ಎರಡೂ ಉತ್ತರಗಳನ್ನು ನಾವು ಒಪ್ಪುವುದಿಲ್ಲ. ಏಕೆಂದು ಬರೆಯುತ್ತೇವೆ.

ಅದು ಕಟ್ಟುಕಥೆಯಲ್ಲ. ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಗೋವೆಯಲ್ಲಿ 1560 ರಲ್ಲಿ ಸ್ಥಾಪನೆಯಾಯಿತು. 1774 ರಲ್ಲಿ ನಿಂತು, 1778 ರಲ್ಲಿ ಮತ್ತೆ ಶುರುವಾಗಿ, 1812 ರಲ್ಲಿ ಮುಗಿಯಿತು. ನಾವು ಭಕ್ತಿಯಿಂದ ನೆನೆಯುವ ಸಂತ ಫ್ರಾನ್ಸಿಸ್ ಝೇವಿಯರರೇ 1546 ರಲ್ಲಿ ಪೋರ್ಚುಗಲ್ ದೊರೆಗೆ ಪತ್ರ ಬರೆದು ಅದನ್ನು ಕೇಳಿದ್ದರು. ಬರುವ ಮೊದಲೇ ತೀರಿಕೊಂಡರು, ಆ ಮಾತು ಬೇರೆ. ಉಳಿದಿರುವ ಪಟ್ಟಿಗಳ ಪ್ರಕಾರವೇ 1561 ರಿಂದ 1774 ರವರೆಗೆ 16 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಕೈಕಟ್ಟಿ ನಿಂತಿದ್ದಾರೆ. ನಮ್ಮ ನಾಡಿನ ಗಿಡಮೂಲಿಕೆಗಳ ಮೇಲೆ 1563 ರಲ್ಲಿ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಸತ್ತು ಹನ್ನೆರಡು ವರ್ಷವಾದ ಮೇಲೆ, ಆತ ಗುಟ್ಟಾಗಿ ಯೆಹೂದ್ಯನಾಗಿದ್ದನೆಂದು ಹೇಳಿ, 1580 ರಲ್ಲಿ ಗೋರಿಯಿಂದ ಎಲುಬು ತೆಗೆದು ಸುಟ್ಟರು.

ಇನ್ನು ಸಂಬಂಧದ ಮಾತು. ಆ ನ್ಯಾಯಾಲಯದ ಮುಂದೆ ನಿಂತವರಲ್ಲಿ ಬಹುಪಾಲು ಜನ ಯಾರು? ದೀಕ್ಷಾಸ್ನಾನ ಪಡೆದವರೇ, ನಮ್ಮಂಥ ಊರ ಜನರೇ. 1684 ರಲ್ಲಿ ಗೋವೆಯ ವೈಸರಾಯ್, ಮೂರು ವರ್ಷದೊಳಗೆ ಎಲ್ಲರೂ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಹೊರಡಿಸಿದ. 1736 ರ ಕಟ್ಟಳೆ ಅಡಿಗೆ ಮನೆಗೇ ಕೈ ಹಾಕಿತು. ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸುವುದು ಅಪರಾಧ. ಮನೆಯ ಬಳಿ ತುಳಸಿ ಬೆಳೆಸುವುದು, ಧೋತರ ಉಡುವುದು, ಮದುವೆಯಲ್ಲಿ ಹಳೆಯ ರೀತಿಯ ಹಾಡು ಹಾಡುವುದು ಅಪರಾಧ. ತಾಯಂದಿರೇ, ನಿಮ್ಮ ಲೈನಿನಲ್ಲಿ ಯಾರ ಅನ್ನಕ್ಕೆ ಉಪ್ಪು ಬಿದ್ದಿದೆ ಎಂದು ಮೇಸ್ತ್ರಿ ಬಂದು ಮಡಕೆ ಮುಚ್ಚಳ ತೆಗೆದು ನೋಡಿದರೆ ಹೇಗಿದ್ದೀತು, ಯೋಚಿಸಿ ನೋಡಿ. ಇದು ಯೇಸುಸ್ವಾಮಿಯ ಹೆಸರಿನಲ್ಲಿ ನಡೆಯಿತು.

ಇದಕ್ಕೆ ಹೆದರಿ, ಕಂದಾಯಕ್ಕೂ ಕ್ಷಾಮಕ್ಕೂ ಬೇಸತ್ತು, ಹಿಂದೂಗಳೂ ಕ್ರೈಸ್ತರೂ ಗಂಟುಮೂಟೆ ಹೊತ್ತು ಗೋವೆ ಬಿಟ್ಟರು. ಕೆಲವರು ಸಾವಂತವಾಡಿಯ ಕಡೆ, ಕೆಲವರು ಖಾನಾಪುರದ ಕಡೆ ಬಂದರು, ಅನೇಕರು ದಕ್ಷಿಣಕ್ಕೆ ಕೆನರಾ ಜಿಲ್ಲೆಗೆ ಇಳಿದರು. ಹಿರಣ್ಯಕೇಶಿ ಹೊಳೆ ಅಂಬೋಲಿಯಲ್ಲಿ ಹುಟ್ಟಿ ಆಜರೆ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಹೋಗುತ್ತದೆ. ಗೋವೆಯ ದಾರಿಯೂ ಅದೇ ಘಟ್ಟದಿಂದ ಏರಿ ಬರುತ್ತದೆ. ಮಂಗಳೂರ ಕಡೆಯ ನಮ್ಮ ಅನೇಕ ಕುಟುಂಬಗಳು ಮನೆಯಲ್ಲಿ ಕೊಂಕಣಿ ಮಾತಾಡುವುದು ಹೇಗೆ ಬಂತೆಂದುಕೊಂಡಿದ್ದೀರಿ? ಓಡಿಬಂದವರ ಮಕ್ಕಳೇ ಇಂದು ಗುಡಿಯಲ್ಲೂ ಇದ್ದಾರೆ, ದೇವಾಲಯದ ಬೆಂಚಿನಲ್ಲೂ ಇದ್ದಾರೆ. ಹೀಗಿರುವಾಗ ಸಂಬಂಧವಿಲ್ಲವೆನ್ನುವುದು ಯಾವ ಬಾಯಿಂದ?

ಇದರಲ್ಲಿ ನಮ್ಮನ್ನು ಹೆಚ್ಚು ನೋಯಿಸುವುದು ಇನ್ನೊಂದಿದೆ. 1784 ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಕಥೆಯನ್ನು ಬೋಧನಾ ಪೀಠದಿಂದ ಎಷ್ಟೋ ಸಲ ಕೇಳಿದ್ದೇವೆ. ಕೇಳಬೇಕಾದ್ದೇ. 1799 ರವರೆಗೆ ಅವರು ಪಟ್ಟ ಪಾಡು ಸಣ್ಣದಲ್ಲ. ಆದರೆ ಅದೇ ಪೀಠದಿಂದ ಗೋವೆಯ 1736 ರ ಕಟ್ಟಳೆಯನ್ನು ಓದಿದ್ದನ್ನು ನೀವು ಕೇಳಿದ್ದೀರಾ? ನಮಗಾದ ಗಾಯಕ್ಕೆ ದಿನಾಂಕವಿದೆ, ನಮ್ಮ ಹೆಸರಿನಲ್ಲಾದ ಗಾಯಕ್ಕೆ ಮೌನ.

ಧರ್ಮಸಭೆ ಕ್ಷಮೆ ಕೇಳಲೇ ಇಲ್ಲವೆಂದು ನಾವು ಹೇಳುತ್ತಿಲ್ಲ. 2000 ದ ಮಾರ್ಚ್ 12 ರಂದು ರೋಮಿನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಬಲಿಪೂಜೆಯ ನಡುವೆ ಧರ್ಮಸಭೆಯ ಮಕ್ಕಳ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿದರು. ಸತ್ಯದ ಸೇವೆಯ ಹೆಸರಿನಲ್ಲಿ ಬಲಾತ್ಕಾರ ನಡೆಸಿದ್ದೂ ಆ ಪ್ರಾರ್ಥನೆಯಲ್ಲಿ ಬಂತು. ಅದು ದೊಡ್ಡ ಕೆಲಸ, ಅದನ್ನು ಕಡೆಗಣಿಸುವವರು ನಾವಲ್ಲ. ಆದರೆ ಗೋವೆ ಎಂಬ ಹೆಸರು ಅಲ್ಲಿ ಕೇಳಿಸಲಿಲ್ಲ.

ಉಪದೇಶಿಗಳಾದ ನಾವು ಮಕ್ಕಳಿಗೆ ಪಾಪನಿವೇದನೆ ಹೇಳಿಕೊಡುವಾಗ ಏನು ಕಲಿಸುತ್ತೇವೆ? ಆತ್ಮಪರಿಶೋಧನೆ, ಪಶ್ಚಾತ್ತಾಪ, ಮತ್ತೆ ಮಾಡೆನೆಂಬ ದೃಢ ನಿಶ್ಚಯ, ಬಾಯಿಬಿಟ್ಟು ಹೇಳುವುದು, ಪ್ರಾಯಶ್ಚಿತ್ತ. "ಸ್ವಾಮಿ, ಏನೋ ಕೆಲವು ತಪ್ಪು ಮಾಡಿದ್ದೇನೆ" ಎಂದರೆ ಗುರುಗಳು ಬಿಡುತ್ತಾರೆಯೇ? ಏನು, ಎಷ್ಟು ಸಲ ಎಂದು ಕೇಳುತ್ತಾರೆ. ಕೋಳಿ ಕದ್ದಿದ್ದರೆ ಕೋಳಿ ಹಿಂದಕ್ಕೆ ಕೊಟ್ಟು ಬಾ ಎನ್ನುತ್ತಾರೆ. ಹತ್ತು ವರ್ಷದ ಹುಡುಗನಿಗೆ ಇರುವ ನಿಯಮ ಧರ್ಮಸಭೆಗೂ ಇರಬೇಡವೇ?

ಹೆಸರು ಹೇಳಿ ಕೇಳಿದವರಿದ್ದಾರೆ. ಯೂರೋಪಿನಲ್ಲಿ ಹದಿನಾರನೆಯ ಶತಮಾನದಲ್ಲಿ, ಶಿಶುಗಳಿಗೆ ದೀಕ್ಷಾಸ್ನಾನ ಕೂಡದು, ತಿಳಿವಳಿಕೆ ಬಂದ ಮೇಲೆಯೇ ಆಗಬೇಕೆಂದವರನ್ನು ಕತ್ತಲಿಕರೂ ಪ್ರೊಟೆಸ್ಟೆಂಟರೂ ಸೇರಿಯೇ ಕೊಂದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಝ್‌ನನ್ನು 1527 ರಲ್ಲಿ ಜೂರಿಚ್ ಪಟ್ಟಣದ ಹೊಳೆಯಲ್ಲಿ ಮುಳುಗಿಸಿದರು. ಅವರ ಸಂತತಿಯೇ ಮೆನೊನೈಟ್ ಸಭೆ. ತೆಲುಗು ನಾಡಿನ ಮೆಹಬೂಬ್‌ನಗರದ ಕಡೆ ಅವರ ಸಭೆಗಳಿವೆ. 2010 ರ ಜುಲೈ 22 ರಂದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಲೂಥರನ್ ಸಭೆಗಳ ಜಾಗತಿಕ ಒಕ್ಕೂಟ ಅವರ ಮುಂದೆ ಕ್ಷಮೆ ಕೇಳಿತು. ತಮ್ಮ ಮೂಲಪುರುಷರಾದ ಲೂಥರ್ ಮತ್ತು ಮೆಲಾಂಕ್ಥನ್ ಆ ಹಿಂಸೆಯನ್ನು ಸಮರ್ಥಿಸಿದ್ದರೆಂದು ಹೆಸರು ಹಿಡಿದೇ ಒಪ್ಪಿಕೊಂಡರು. ಮೆನೊನೈಟರ ಪರವಾಗಿ ಜಿಂಬಾಬ್ವೆ ದೇಶದ ಒಬ್ಬ ಕಪ್ಪು ಬಿಷಪ್ ಅದನ್ನು ಸ್ವೀಕರಿಸಿ, ಕಾಲು ತೊಳೆಯುವ ಮರದ ತೊಟ್ಟಿಯನ್ನು ಕಾಣಿಕೆ ಕೊಟ್ಟರು.

ಇನ್ನೊಂದೂ ಇದೆ. 2015 ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಇಟಲಿಯ ವಾಲ್ಡೆನ್ಸಿಯನ್ ಸಭೆಯವರ ಬಳಿಗೇ ಹೋಗಿ ಹಿಂದಿನ ಹಿಂಸೆಗೆ ಕ್ಷಮೆ ಬೇಡಿದರು. ಅವರ ಮಹಾಸಭೆ ಗೌರವದಿಂದ ಸ್ವೀಕರಿಸಿತು, ಆದರೆ ರಕ್ತ ಸುರಿಸಿದವರ ಜಾಗದಲ್ಲಿ ನಿಂತು ಅವರ ಪರವಾಗಿ ಕ್ಷಮಿಸುವ ಅಧಿಕಾರ ನಮಗಿಲ್ಲ ಎಂದು ಉತ್ತರ ಕೊಟ್ಟಿತು. ನಮಗೆ ಆ ಉತ್ತರ ಹಿಡಿಸಿತು. ಕ್ಷಮೆ ಕೇಳಿದ ಮಾತ್ರಕ್ಕೆ ರಸೀದಿ ಸಿಗುವುದಿಲ್ಲ.

"ಮಾಡಿದವರು ನಾವಲ್ಲವಲ್ಲ" ಎನ್ನುವವರಿಗೆ ಕೊಲ್ಲಾಪುರದ್ದೇ ಒಂದು ಸಂಗತಿ ಹೇಳುತ್ತೇವೆ. ಶಾಹು ಮಹಾರಾಜರ ಕುದುರೆ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ದಲಿತ ಸೇವಕ, ನೀರಿನ ತೊಟ್ಟಿ ಮುಟ್ಟಿದನೆಂದು ಹೊಡೆತ ತಿಂದ. ಹೊಡೆದವರು ಮಹಾರಾಜರಲ್ಲ. ಆದರೆ ಲಾಯ ಅವರದು. ಹೊಡೆದವರನ್ನು ದಂಡಿಸಿದರು. ಗಂಗಾರಾಮನಿಗೆ ಚಹಾದಂಗಡಿ ಇಡಲು ನೆರವಾದರು. ಮೇಲ್ಜಾತಿಯವರು ಅಲ್ಲಿ ಚಹಾ ಕುಡಿಯಲು ಹಿಂಜರಿದಾಗ ಪರಿವಾರ ಸಮೇತ ತಾವೇ ಹೋಗಿ ಎಲ್ಲರ ಕಣ್ಣೆದುರು ಕುಡಿದರು. 1902 ರಲ್ಲೇ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ನೂರಕ್ಕೆ 50 ಕಾದಿರಿಸಿದ ದೊರೆ ಅವರು. ಗೋವೆಯ ಲಾಯ ಯಾರದು?

ಪ್ರಶ್ನೆಯನ್ನು ದೊಣ್ಣೆ ಮಾಡಿಕೊಂಡವರಿಗೂ ಒಂದು ಮಾತು. ಇನ್‌ಕ್ವಿಸಿಷನ್ನಿನ ಲೆಕ್ಕವನ್ನು ಧರ್ಮಸಭೆಯ ಹಿರಿಯರಲ್ಲಿ ಕೇಳಿ. ಮಗ್ಗದ ಕೂಲಿಯ ಬೆನ್ನಿನ ಮೇಲೆ ಬರೆಯಬೇಡಿ. ಉಪ್ಪಿಲ್ಲದ ಅನ್ನಕ್ಕಾಗಿ ಜನರನ್ನು ಹಿಡಿದದ್ದು ತಪ್ಪಾದರೆ, ಇಂದು ಯಾರ ಮಡಕೆಯಲ್ಲಿ ಏನು ಬೇಯುತ್ತಿದೆ ಎಂದು ಇಣುಕುವುದೂ ತಪ್ಪೇ.

ಪ್ರಾಯಶ್ಚಿತ್ತದ ಜಾಗ ದೂರವಿಲ್ಲ. ಜಾತಿಭೇದ ಪಾಪವೆಂದೂ ಅದು ಸಭೆಯೊಳಗೇ ಇದೆಯೆಂದೂ ಭಾರತದ ಕತ್ತಲಿಕ ಧರ್ಮಾಧ್ಯಕ್ಷರ ಮಂಡಲಿ 2016 ರ ಡಿಸೆಂಬರಿನಲ್ಲಿ ಹೊರತಂದ ದಲಿತ ನೀತಿಯಲ್ಲಿ ಒಪ್ಪಿಕೊಂಡಿದೆ. 1950 ರ ರಾಷ್ಟ್ರಪತಿ ಆಜ್ಞೆ ದಲಿತ ಕ್ರೈಸ್ತರನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿದೆಯೆಂದು ಸರ್ಕಾರದ ಮುಂದೆ ಧರಣಿ ಕೂರುತ್ತೇವೆ, ಕೂರಲೇಬೇಕು. ಆದರೆ ಸತ್ತವರನ್ನೂ ಜಾತಿ ನೋಡಿ ಹೂಳುವ ಸ್ಮಶಾನ ನಮ್ಮದೇ ಇದ್ದರೆ ಆ ಧರಣಿಗೆ ಯಾವ ಬೆಲೆ?

ಆದ್ದರಿಂದ ನಮ್ಮ ನಮ್ಮ ಧರ್ಮಾಧ್ಯಕ್ಷರಿಗೆ ಒಂದು ಅರ್ಜಿ ಬರೆದಿದ್ದೇವೆ. ಬರುವ ಬೂದಿ ಬುಧವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗೋವೆಯ ಹೆಸರೂ 1560 ಮತ್ತು 1812 ರ ಇಸವಿಯೂ ಬಾಯಿಬಿಟ್ಟು ಬರಬೇಕು. ಉಪದೇಶದ ತರಗತಿಯಲ್ಲಿ ಶ್ರೀರಂಗಪಟ್ಟಣದ ಪಾಠದ ಪಕ್ಕದಲ್ಲೇ ಗೋವೆಯ ಪಾಠ ಇರಬೇಕು. ಜಾತಿಗೊಂದು ಸ್ಮಶಾನ ಇರುವ ಕಡೆ ಗೋಡೆ ಕೆಡವಬೇಕು. ಅರ್ಜಿಯ ಹಾಳೆಗಳನ್ನು ಸಂಘದ ಕಾರ್ಯಕರ್ತರು ಭಾನುವಾರ ಪೂಜೆಯ ನಂತರ ಲೈನುಗಳಿಗೆ ತರುತ್ತಾರೆ. ಓದಿಸಿ ಕೇಳಿ, ಒಪ್ಪಿಗೆಯಾದರೆ ಸಹಿ ಹಾಕಿ. ಹೆಬ್ಬೆಟ್ಟೂ ನಡೆಯುತ್ತದೆ.