ದೆವ್ವಕ್ಕೆ ಫ್ಲ್ಯಾಶ್‌ಬ್ಯಾಕ್ ಯಾಕೆ ಬೇಕು?

ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ನಗರದ ದಂತಕಥೆಗಳ ಬಗ್ಗೆ ಪ್ರಬಂಧ ಮಂಡಿಸಿದೆ. ಅದರ ಅರ್ಧ ಭಾಗ ಜಪಾನಿನ ‘ಯಾಮಿಶಿಬಾಯಿ’ ಎಂಬ ಟಿವಿ ಸರಣಿಯ ಕುರಿತಾಗಿತ್ತು. ಮುಗಿದ ಮೇಲೆ ಹಿರಿಯ ಅಧ್ಯಾಪಕರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ಕಥೆ ಎಲ್ಲಿದೆಯಮ್ಮಾ? ದೆವ್ವ ಯಾರು, ಯಾಕೆ ಬಂತು ಅಂತಲೇ ಹೇಳೋದಿಲ್ಲವಲ್ಲ!” ಸಭೆ ನಕ್ಕಿತು. ನಾನೂ ನಕ್ಕೆ. ಉತ್ತರ ಹೊಳೆದದ್ದು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ದೆವ್ವ ಯಾಕೆ ಬಂತು ಎಂದು ಹೇಳದಿರುವುದು ಆ ಸರಣಿಯ ಕೊರತೆಯಲ್ಲ, ಅದರ ಪ್ರಾಮಾಣಿಕತೆ. ನಮ್ಮ ಸಿನಿಮಾ, ಧಾರಾವಾಹಿಗಳು ಪ್ರತಿ ದೆವ್ವಕ್ಕೂ ಫ್ಲ್ಯಾಶ್‌ಬ್ಯಾಕ್ ಅಂಟಿಸುತ್ತವಲ್ಲ, ಕೊರತೆಯಿರುವುದು ಅಲ್ಲಿ.

ಯಾಮಿಶಿಬಾಯಿ 2013ರ ಜುಲೈನಲ್ಲಿ ಟಿವಿ ಟೋಕಿಯೋ ವಾಹಿನಿಯಲ್ಲಿ ಶುರುವಾದ ಅನಿಮೇಷನ್ ಸರಣಿ. ಜಪಾನಿನ ನಗರ ದಂತಕಥೆಗಳೇ ಅದರ ಬಂಡವಾಳ. ಒಂದು ಕಂತು ಐದು ನಿಮಿಷವನ್ನೂ ಮುಟ್ಟುವುದಿಲ್ಲ. ಸಂಜೆ ಐದು ಗಂಟೆಗೆ ಮಕ್ಕಳು ಆಡುವ ಜಾಗಕ್ಕೆ ಹಳದಿ ಮುಖವಾಡದ ಮುದುಕನೊಬ್ಬ ಬಂದು ಕಥೆ ಹೇಳುತ್ತಾನೆ. ಅವನ ಹಿಂದೆ ಒಂದು ಪರಂಪರೆಯೇ ಇದೆ. 1930ರ ದಶಕದ ಜಪಾನಿನಲ್ಲಿ ಸೈಕಲ್ ಮೇಲೆ ಮರದ ಚೌಕಟ್ಟು ಕಟ್ಟಿಕೊಂಡು ಬೀದಿ ಅಲೆಯುವ ಕಥೆಗಾರರಿದ್ದರು. ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುತ್ತಿದ್ದರು. ಅದಕ್ಕೆ ಕಾಮಿಶಿಬಾಯಿ, ಅಂದರೆ ಕಾಗದದ ನಾಟಕ ಎಂದು ಹೆಸರು. ‘ಯಾಮಿ’ ಎಂದರೆ ಕತ್ತಲು. 1950ರ ದಶಕದಲ್ಲಿ ಟಿವಿ ಬಂದಾಗ ಜನ ಅದನ್ನು ‘ವಿದ್ಯುತ್ ಕಾಮಿಶಿಬಾಯಿ’ ಎಂದು ಕರೆದರು. ಮುಂದೆ ಆ ಪೆಟ್ಟಿಗೆಯೇ ಸೈಕಲ್ಲಿನವನ ಕಸುಬನ್ನು ನುಂಗಿತು. ಈಗ ಅದೇ ಪೆಟ್ಟಿಗೆ ಅವನ ವೇಷ ಹಾಕಿಕೊಂಡು ಕಥೆ ಹೇಳುತ್ತಿದೆ.

ಆ ಕಥೆಗಳಾದರೂ ಎಂಥವು? ಮೊದಲ ಕಂತಿನಲ್ಲಿ ಒಬ್ಬ ಹೊಸದಾಗಿ ಬಾಡಿಗೆ ಮನೆಗೆ ಬಂದಿದ್ದಾನೆ. ಎದುರು ಕಟ್ಟಡದಿಂದ ಹೆಂಗಸೊಬ್ಬಳು ಅವನನ್ನೇ ನೋಡುತ್ತಿರುತ್ತಾಳೆ. ಅವನ ಕೋಣೆಯ ಚಾವಣಿಗೆ ಮಂತ್ರದ ಚೀಟಿ ಅಂಟಿಸಿದೆ. ಇನ್ನೊಂದು ಕಂತಿನಲ್ಲಿ ಶಾಲೆಯಲ್ಲಿ ಒಬ್ಬಳೇ ಉಳಿದ ಟೀಚರ್ ಜೆರಾಕ್ಸ್ ಮಾಡುತ್ತಿದ್ದಾಳೆ, ಹೊರಬಂದ ಹಾಳೆಯ ಮೇಲೆ ಕೂದಲಿನ ಗುರುತು. ಮತ್ತೊಂದರಲ್ಲಿ ದೊಡ್ಡ ಅಂಗಡಿಯೊಂದರ ಲಿಫ್ಟು. ಬಾಡಿಗೆ ಮನೆ, ಜೆರಾಕ್ಸ್ ಮೆಷಿನ್, ಲಿಫ್ಟು: ಇವನ್ನು ನಾವು ದಿನಾ ಬಳಸುತ್ತೇವೆ, ಆದರೆ ನಮಗಿಂತ ಮೊದಲು ಬಳಸಿದವರು ಯಾರೆಂದು ಗೊತ್ತಿರುವುದಿಲ್ಲ. ಹಳ್ಳಿಯ ದೆವ್ವಕ್ಕೆ ಕುಲಗೋತ್ರ ಉಂಟು. ಹುಣಸೆಮರದಲ್ಲಿರುವುದು ಯಾರ ಮನೆ ಸೊಸೆ ಎಂದು ಊರಿಗೆಲ್ಲ ಗೊತ್ತಿರುತ್ತದೆ. ನಗರದಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿರದಿದ್ದಾಗ ಎದುರು ಕಟ್ಟಡದ ಹೆಂಗಸಿನ ಪೂರ್ವಕಥೆ ಎಲ್ಲಿಂದ ಗೊತ್ತಾಗಬೇಕು? ಗೊತ್ತಿಲ್ಲದಿರುವುದೇ ಅಲ್ಲಿನ ಭಯ. ಅದಕ್ಕೆ ಕಾರಣ ಸೇರಿಸಿದರೆ ಕಥೆ ಪೂರ್ಣವಾಗುವುದಿಲ್ಲ, ಸುಳ್ಳಾಗುತ್ತದೆ.

ಹಾಗೆಂದು ಹಳ್ಳಿಯ ಕಥೆಗಳೆಲ್ಲ ಕಾರಣ ಹೇಳುತ್ತವೆ ಎಂದೂ ಅಲ್ಲ. ಜಪಾನಿನ ಜಾನಪದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಯಾನಗಿತಾ ಕುನಿಯೋ 1910ರಲ್ಲಿ ‘ತೋನೋ ಮೊನೊಗತಾರಿ’ ಪ್ರಕಟಿಸಿದರು. ತೋನೋ ಸೀಮೆಯ ಸಸಾಕಿ ಕಿಜೆನ್ ಹೇಳಿದ್ದನ್ನು ಕೇಳಿ ಬರೆದುಕೊಂಡ 119 ತುಣುಕುಗಳು ಅದರಲ್ಲಿವೆ. ಕೆಲವು ನಾಲ್ಕಾರು ಸಾಲಿನಲ್ಲಿ ಮುಗಿಯುತ್ತವೆ. ಇಂಥವರು ಇಂಥ ಕಡೆ ಇಂಥದ್ದನ್ನು ಕಂಡರು, ಅಷ್ಟೆ. ಇದರಲ್ಲಿ ಕಥೆ ಎಲ್ಲಿದೆ ಎಂದು ಯಾನಗಿತಾರನ್ನು ಯಾವ ಸಂಕಿರಣವೂ ಕೇಳುವುದಿಲ್ಲ. ಅದೇ ತುಣುಕು ಲಿಫ್ಟಿನೊಳಗೆ ನಡೆದು ಟಿವಿಯಲ್ಲಿ ಬಂದರೆ ಮಾತ್ರ ನಮ್ಮ ಹುಬ್ಬು ಮೇಲೇರುತ್ತದೆ. ನಗರದ ಮನೆಗೂ ಜಾನಪದಕ್ಕೂ ಇರುವ ದೂರ ಬಹಳವೇನಲ್ಲ ಎಂದು ಎ.ಕೆ. ರಾಮಾನುಜನ್ ಹೇಳಿ ದಶಕಗಳೇ ಕಳೆದಿವೆ. ನಾವು ಅವರನ್ನು ಉಲ್ಲೇಖಿಸುತ್ತೇವೆ, ಪಾಲಿಸುವುದಿಲ್ಲ.

ವದಂತಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 1979ರ ಜಪಾನ್ ಒಳ್ಳೆಯ ಉದಾಹರಣೆ. ಗಿಫು ಪ್ರಾಂತ್ಯದ ಕಡೆಯಿಂದ ಹೊರಟಿತೆನ್ನುವ ‘ಕುಚಿಸಾಕೆ ಒನ್ನ’, ಅಂದರೆ ಬಾಯಿ ಸೀಳಿದ ಹೆಂಗಸಿನ ಸುದ್ದಿ ಕೆಲವೇ ತಿಂಗಳಲ್ಲಿ ದೇಶವೆಲ್ಲ ಹಬ್ಬಿತು. ಮಾಸ್ಕ್ ತೊಟ್ಟವಳು ದಾರಿಯಲ್ಲಿ ಮಕ್ಕಳನ್ನು ತಡೆದು “ನಾನು ಚೆಂದ ಇದೀನಾ?” ಎಂದು ಕೇಳುತ್ತಾಳೆ. ಮಾಸ್ಕ್ ತೆಗೆದರೆ ಬಾಯಿ ಕಿವಿವರೆಗೆ ಸೀಳಿರುತ್ತದೆ. ಶಾಲೆಗಳು ಮಕ್ಕಳನ್ನು ಗುಂಪಾಗಿ ಮನೆಗೆ ಕಳಿಸುವಷ್ಟು ಭಯ ಹಬ್ಬಿತ್ತು. ಅವಳ ಬಾಯಿ ಹಾಗಾದದ್ದೇಕೆ? ಪ್ಲಾಸ್ಟಿಕ್ ಸರ್ಜರಿ ಕೆಟ್ಟಿತು ಎಂದರು ಕೆಲವರು. ಅನುಮಾನದ ಗಂಡ ಕೊಯ್ದ ಎಂದರು ಇನ್ನು ಕೆಲವರು. ಎರಡೂ ಒಟ್ಟಿಗೇ ಓಡಾಡಿದವು, ಯಾರಿಗೂ ತೊಂದರೆಯಾಗಲಿಲ್ಲ. ಮಕ್ಕಳು ಕಾರಣಕ್ಕಿಂತ ಹೆಚ್ಚಾಗಿ ನೆನಪಿಟ್ಟುಕೊಂಡದ್ದು ಉಪಾಯವನ್ನು: ‘ಪೊಮೇಡ್’ ಎಂದು ಕೂಗು, ಇಲ್ಲವೇ ಮಿಠಾಯಿ ಎಸೆದು ಓಡು. ಭಯದ ಜೊತೆಗೆ ಒಂದು ಉಪಾಯ ಕೈದಾಟಿಸುವುದು ವದಂತಿಯ ಮುಖ್ಯ ಕೆಲಸ.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ‘ಚಾನೆಲ್ ಜೀರೋ’ ನೋಡಬಹುದು. ಸಿಫೈ ವಾಹಿನಿಯಲ್ಲಿ 2016ರಿಂದ 2018ರವರೆಗೆ ನಾಲ್ಕು ಸೀಸನ್ ಬಂದ ಈ ಸರಣಿಗೆ ಇಂಟರ್‌ನೆಟ್ಟಿನ ಭಯದ ಕಥೆಗಳೇ ಮೂಲ. ಮೊದಲ ಸೀಸನ್ ಕ್ರಿಸ್ ಸ್ಟ್ರಾಬ್ ಅವರ ‘ಕ್ಯಾಂಡಲ್ ಕೋವ್’ ಆಧರಿಸಿದ್ದು. ಮೂಲ ಕಥೆ ಕೆಲವೇ ಪುಟ. ಬೆಳೆದು ದೊಡ್ಡವರಾದ ಕೆಲವರು ಚಿಕ್ಕಂದಿನಲ್ಲಿ ನೋಡಿದ ಬೊಂಬೆ ಕಾರ್ಯಕ್ರಮವೊಂದನ್ನು ಆನ್‌ಲೈನಿನಲ್ಲಿ ನೆನಪಿಸಿಕೊಳ್ಳುತ್ತಾರೆ. ಕೊನೆಗೆ ಒಬ್ಬನ ತಾಯಿ ಹೇಳುತ್ತಾಳೆ: ನೀನು ಟಿವಿ ಹಾಕಿಕೊಂಡು ಬರೀ ಚುಕ್ಕೆ ಚುಕ್ಕೆ ಪರದೆಯನ್ನು ನೋಡುತ್ತ ಕೂರುತ್ತಿದ್ದೆ. ಅಲ್ಲಿಗೆ ಮುಗಿಯಿತು. ಇದನ್ನು ಆರು ಕಂತಿಗೆ ಎಳೆಯಬೇಕಾದಾಗ ಹಳೆಯ ಕೊಲೆಗಳು ಬಂದವು, ಸತ್ತ ಅವಳಿ ಸಹೋದರ ಬಂದ, ಊರಿಗೆ ಮರಳಿದ ಮನೋವೈದ್ಯ ಬಂದ. ಸರಣಿ ಕೆಟ್ಟದಾಗಿದೆ ಎನ್ನಲಾರೆ. ಮೈಯೆಲ್ಲ ಹಲ್ಲಿರುವ ಆ ಮಗುವಿನ ಆಕೃತಿ ನನ್ನ ಎರಡು ರಾತ್ರಿಯ ನಿದ್ದೆ ತಿಂದಿದೆ. ಆದರೆ ಮೂಲ ಕಥೆ ಓದಿದಾಗ ನಾನು ಸಂಶಯಪಟ್ಟದ್ದು ನನ್ನದೇ ಬಾಲ್ಯದ ನೆನಪನ್ನು. ಸರಣಿ ನೋಡಿದಾಗ ಬೇರೊಬ್ಬನ ಮನೆಯ ದುರಂತ ನೋಡಿ ಎದ್ದುಬಂದೆ.

ನಮ್ಮಲ್ಲಿಗೆ ಬನ್ನಿ. ನಮ್ಮ ತೆರೆಯ ದೆವ್ವಗಳಿಗೆ ಹೆಚ್ಚಾಗಿ ಎರಡೇ ದಾರಿ. ಒಂದು, 2004ರ ‘ಆಪ್ತಮಿತ್ರ’ದ ಹಾಗೆ ಅದು ಮನೋರೋಗ, ಡಾಕ್ಟರು ಬಂದು ಬಿಡಿಸುತ್ತಾರೆ. ಇನ್ನೊಂದು, ಅದು ಹಿಂದೆ ಅನ್ಯಾಯಕ್ಕೊಳಗಾದ ಹೆಣ್ಣು, ಸೇಡು ತೀರಿಸಿಕೊಂಡು ಹೋಗುತ್ತದೆ. 1990ರ ದಶಕದ ಬೆಂಗಳೂರಿನ ‘ನಾಳೆ ಬಾ’ ವದಂತಿಗೂ ಇದೇ ಗತಿಯಾಯಿತು. ಬಾಗಿಲ ಮೇಲಿನ ಆ ಎರಡು ಕನ್ನಡ ಪದಗಳು 2018ರ ‘ಸ್ತ್ರೀ’ ಸಿನಿಮಾದಲ್ಲಿ ಹಿಂದಿಯಾಗಿ ಚಂದೇರಿಯ ಗೋಡೆ ಸೇರಿದವು. ಭಾಷೆ ಬದಲಾದದ್ದಕ್ಕೆ ನನ್ನ ತಕರಾರಿಲ್ಲ, ವದಂತಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಗಂಡಸರನ್ನು ಹೆದರಿಸಿ ಮನೆಯೊಳಗೆ ಕೂರಿಸಿದ ಆ ಸಿನಿಮಾದ ತಮಾಷೆಯೂ ನನಗೆ ಹಿಡಿಸಿತು. ತಕರಾರಿರುವುದು ಆ ದೆವ್ವಕ್ಕೆ ಮದುವೆಯ ರಾತ್ರಿ ಕೊಲೆಯಾದ ವೇಶ್ಯೆಯ ಪೂರ್ವಕಥೆ ಕೊಟ್ಟದ್ದಕ್ಕೆ.

ಇಲ್ಲಿ ನನ್ನ ಗೆಳತಿಯೊಬ್ಬಳು ಜಗಳಕ್ಕೆ ಬರುತ್ತಾಳೆ. ಅವಳ ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. “ಕಾರಣ ತೆಗೆದುಹಾಕಿದರೆ ಉಳಿಯೋದು ಏನೇ? ಬರೀ ಭಯಂಕರ ಹೆಂಗಸು. ಫ್ಲ್ಯಾಶ್‌ಬ್ಯಾಕ್ ಇದ್ದರೆ ಅವಳಿಗೆ ಆದ ಅನ್ಯಾಯವಾದರೂ ಜನಕ್ಕೆ ಕಾಣುತ್ತೆ.” ಒಪ್ಪುತ್ತೇನೆ. ಉದ್ದ ಕೂದಲಿನ, ದಿಟ್ಟಿಸಿ ನೋಡುವ ಹೆಂಗಸನ್ನು ಭಯದ ಸರಕಾಗಿಸುವುದರಲ್ಲಿ ಯಾಮಿಶಿಬಾಯಿಯೂ ಹಿಂದೆ ಬಿದ್ದಿಲ್ಲ. ಹತ್ತಕ್ಕೂ ಹೆಚ್ಚು ಸೀಸನ್ ಮುಗಿಸಿರುವ ಅದರಲ್ಲಿ ಜೊಳ್ಳೂ ಸಾಕಷ್ಟಿದೆ. ಆದರೆ ಫ್ಲ್ಯಾಶ್‌ಬ್ಯಾಕ್ ನ್ಯಾಯ ಕೊಡಿಸುತ್ತದೆ ಎಂಬುದನ್ನು ಒಪ್ಪಲಾರೆ. ಅದು ಅನ್ಯಾಯವನ್ನು ಎಲ್ಲಿಡುತ್ತದೆ ನೋಡಿ: ಹಿಂದಿನ ಕಾಲದಲ್ಲಿ, ಯಾವನೋ ಒಬ್ಬ ಖಳನ ಕೈಯಲ್ಲಿ. ಖಳ ಸತ್ತ, ಶಾಂತಿ ಆಯಿತು, ಪ್ರೇಕ್ಷಕರು ಮನೆಗೆ ಹೋದರು. ತಮ್ಮ ಮನೆಯ ಬಾಗಿಲಿಗೂ ಅದಕ್ಕೂ ಸಂಬಂಧವಿದೆ ಎಂದು ಯಾರಿಗೂ ಅನಿಸಬೇಕಾಗಿಲ್ಲ.

ಬಾಗಿಲಿನ ಮಾತು ನಮ್ಮಮ್ಮನದು. ಮದುವೆಯಾದ ಹೊಸದರಲ್ಲಿ ಅವಳಿದ್ದದ್ದು ಬೆಂಗಳೂರಿನ ಒಂದು ವಠಾರದಲ್ಲಿ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್. ಅವಳು ಹೇಳುವ ಪಾಠದಲ್ಲಿ ಮದುಮಗಳಿಲ್ಲ, ವೇಶ್ಯೆಯಿಲ್ಲ, ಸೇಡಿಲ್ಲ. ರಾತ್ರಿ ಯಾರೋ ಬಾಗಿಲು ತಟ್ಟುತ್ತಾರೆ. ದನಿ ನಿಮ್ಮವರದೇ ಆಗಿರುತ್ತದೆ. ತೆಗೆದರೆ ಕೆಟ್ಟಿರಿ. ವಠಾರದ ಹೆಂಗಸರೆಲ್ಲ ಇಟ್ಟಿಗೆ ಚೂರಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರಂತೆ. “ನಂಬಿದ್ಯಾಮ್ಮ?” ಎಂದು ಕೇಳಿದೆ. “ನಂಬೋದೇನು ಬಂತು, ಬರೆದ ಮೇಲೆ ನಿದ್ದೆ ಬರ್ತಿತ್ತು. ನಿಮ್ಮಪ್ಪ ಬೆಳಗಾದ ಮೇಲೇ ಬರಲಿ ಅಂತಿದ್ದೆ. ರಾತ್ರಿ ಬಂದು ಕೂಗಿದ್ರೂ ತೆಗೀತಿರಲಿಲ್ಲ” ಎಂದಳು.

ಈ ಮಾತಿನಲ್ಲಿ ಒಂಟಿ ಹೆಂಗಸಿನ ರಾತ್ರಿಯಿದೆ, ಪರಿಚಯದ ದನಿಯನ್ನೂ ನಂಬಲಾಗದ ಊರಿದೆ, ಬಾಗಿಲು ತೆಗೆಯದಿರುವ ಹಕ್ಕನ್ನು ಅವಳಿಗೆ ಕೊಟ್ಟ ಎರಡು ಪದಗಳಿವೆ. ಗಂಡ ಬಂದು ಕೂಗಿದರೂ ಬಾಗಿಲು ತೆಗೆಯುವುದಿಲ್ಲ ಎಂದು ಬೇರೆ ಯಾವ ನೆಪದಲ್ಲಿ ಅವಳು ಹೇಳಬಹುದಿತ್ತು? ಇದನ್ನು ಬರೆದುಕೊಳ್ಳದೆ ದೆವ್ವದ ಜಾತಕ ಹುಡುಕುವುದು ಸಂಶೋಧನೆಯೂ ಅಲ್ಲ, ಕಥನವೂ ಅಲ್ಲ.

ಕನ್ನಡದಲ್ಲಿ ಯಾರಾದರೂ ನಮ್ಮ ನಗರಗಳ ವದಂತಿಗಳನ್ನು ಇಟ್ಟುಕೊಂಡು ಸರಣಿ ಮಾಡುವುದಾದರೆ ನನ್ನ ಬೇಡಿಕೆ ಸಣ್ಣದು. ಐದು ನಿಮಿಷ ಸಾಕು. ಬಾಗಿಲು ತಟ್ಟಿದ ಸದ್ದು ಕೇಳಿಸಿ, ಒಳಗಿರುವವಳ ಮುಖ ತೋರಿಸಿ. ಹೊರಗಿರುವುದು ಯಾರೆಂದು ತೋರಿಸಬೇಡಿ. ಅಧ್ಯಾಪಕರು ಮತ್ತೆ ಕಥೆ ಎಲ್ಲಿದೆ ಎಂದು ಕೇಳಿದರೆ, ಬಾಗಿಲ ಈಚೆಗಿದೆ ಸರ್, ಎನ್ನುತ್ತೇನೆ.