ರಸ್ತೆ ಸರಿಸುವ ಮುನ್ನ ಚಿತ್ರ ಸರಿಸಿ

ಸ್ವಯಂಸೇವಕರೇ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೊಸಬರು ಬಲುಬೇಗ ಕೈಹಾಕುವ ಕೆಲಸ ರಸ್ತೆ ತಿದ್ದುವುದು. ಪರದೆಯಲ್ಲಿ ಉಪಗ್ರಹ ಚಿತ್ರ, ಅದರ ಮೇಲೊಂದು ಗೆರೆ. ಗೆರೆ ಪಕ್ಕದ ತೋಟಕ್ಕೆ ನುಗ್ಗಿದಂತೆ ಕಂಡರೆ ಎಳೆದು ಡಾಂಬರಿನ ಮೇಲೆ ಕೂರಿಸುತ್ತಾರೆ. ತಪ್ಪಿರುವುದು ಚಿತ್ರವೇ ಇರಬಹುದೆಂಬ ಅನುಮಾನ ಯಾರಿಗೂ ಬರುವುದಿಲ್ಲ.

ಈ ರೂಢಿಯ ಹಿಂದೆ ಅಮೆರಿಕದ ಕಥೆಯೂ ಇದೆ. 2007–08ರಲ್ಲಿ ಅಲ್ಲಿನ ಜನಗಣತಿ ಸಂಸ್ಥೆಯ ‘ಟೈಗರ್’ ದತ್ತಾಂಶವನ್ನು ನಕ್ಷೆಗೆ ಸಗಟಾಗಿ ಸುರಿಯಲಾಯಿತು. ಗಣತಿದಾರನಿಗೆ ಬೇಕಿದ್ದದ್ದು ಯಾವ ಮನೆ ಬೀದಿಯ ಯಾವ ಬದಿಗಿದೆ ಎಂಬುದು. ಬೀದಿ ಕರಾರುವಾಕ್ಕಾಗಿ ಎಲ್ಲಿದೆ ಎಂಬುದಲ್ಲ. ಹಾಗಾಗಿ ಹಳ್ಳಿಗಾಡಿನ ಎಷ್ಟೋ ರಸ್ತೆಗಳು ಹತ್ತಾರು ಮೀಟರ್ ಜರುಗಿದ್ದವು, ತಿರುವುಗಳು ನೆಟ್ಟಗಾಗಿದ್ದವು. 2010ರ ಕೊನೆಗೆ ಮೈಕ್ರೋಸಾಫ್ಟ್ ತನ್ನ ಬಿಂಗ್ ಚಿತ್ರಗಳ ಬಳಕೆಗೆ ಅನುಮತಿ ಕೊಟ್ಟ ಮೇಲೆ ತಿದ್ದುಪಡಿ ಚುರುಕಾಯಿತು. ಅಲ್ಲಿ ಅದು ಸರಿಯೇ. ನಲವತ್ತು ಮೀಟರ್ ತಪ್ಪಿದ ಗೆರೆಯನ್ನು ಐದು ಮೀಟರ್ ತಪ್ಪಿದ ಚಿತ್ರ ನೋಡಿ ತಿದ್ದಿದರೂ ಲಾಭವೇ. ‘ಪರಿಶೀಲಿಸಿಲ್ಲ’ ಎಂಬ ಟ್ಯಾಗ್ ಹೊತ್ತ ರಸ್ತೆಗಳು ಅಲ್ಲಿ ಇಂದಿಗೂ ಇವೆ. (ತಿದ್ದಿ, ಟ್ಯಾಗ್ ಅಳಿಸಲು ಮರೆತವರೂ ಕಮ್ಮಿಯಿಲ್ಲ.)

ನಮ್ಮ ಘಟ್ಟಗಳಲ್ಲಿ ಈ ಲೆಕ್ಕ ನಡೆಯದು. ಉಪಗ್ರಹ ನೇರ ನೆತ್ತಿಯ ಮೇಲಿಂದ ನೋಡುವುದು ಅಪರೂಪ, ಓರೆಯಾಗಿಯೇ ಹೆಚ್ಚು. ಆ ಓರೆಯನ್ನು ನೆಲದ ಎತ್ತರದ ಮಾದರಿ ಬಳಸಿ ಸರಿಪಡಿಸುತ್ತಾರೆ. ನೋಟ 25 ಡಿಗ್ರಿ ಓರೆಯಿದ್ದು, ಮಾದರಿಯಲ್ಲಿ ಎತ್ತರ 20 ಮೀಟರ್ ತಪ್ಪಿದ್ದರೆ ಚಿತ್ರದಲ್ಲಿನ ರಸ್ತೆ ಒಂಬತ್ತು ಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಇಂಥ ಮಾದರಿಗೆ ಎತ್ತರ ಒದಗಿಸುವ ರಾಡಾರ್ ದಟ್ಟ ಕಾಡಿನಲ್ಲಿ ಅಳೆಯುವುದು ಎಷ್ಟೋ ಸಲ ಮರಗಳ ನೆತ್ತಿಯನ್ನು, ನೆಲವನ್ನಲ್ಲ. ಹಾಗಾಗಿ ಆಗುಂಬೆ, ಚಾರ್ಮಾಡಿಯಂಥ ಕಡೆ ಇಷ್ಟು ತಪ್ಪು ಅಸಂಭವವೇನಲ್ಲ. ಒಂದೇ ತಿರುವಿನ ಮೇಲಿನ ಮಗ್ಗುಲು ಒಂದಷ್ಟು, ಕೆಳಗಿನದು ಇನ್ನಷ್ಟು ಜರುಗಿರಬಹುದು. ಎರಡು ಕಂಪನಿಗಳ ಚಿತ್ರ ತೆರೆದರೆ ರಸ್ತೆ ಎರಡು ಕಡೆ. ಇಂದು ಒಬ್ಬರು ಒಂದನ್ನು ನಂಬಿ ಎಳೆಯುತ್ತಾರೆ, ನಾಳೆ ಮತ್ತೊಬ್ಬರು ಇನ್ನೊಂದನ್ನು ನಂಬಿ ವಾಪಸು ಎಳೆಯುತ್ತಾರೆ. ಗೆರೆ ಮಾತ್ರ ಸರಿದು ಮನೆಗಳು ಅಲ್ಲೇ ಉಳಿದರೆ ರಸ್ತೆ ಯಾರದೋ ಅಂಗಳ ಹಾಯುತ್ತದೆ.

ಇಲ್ಲಿ ಸಾಕ್ಷಿಯಾಗಬೇಕಾದದ್ದು ಆ ದಾರಿಯಲ್ಲಿ ನಿಜಕ್ಕೂ ಓಡಾಡಿದವರ ಜಿಪಿಎಸ್ ಜಾಡು. ಒಂದು ಜಾಡು ಸಾಲದು. ಕಣಿವೆಯಲ್ಲಿ ಸಂಕೇತ ಬಂಡೆಗೆ ಬಡಿದು ದಾರಿ ತಪ್ಪಿಸುತ್ತದೆ. ಹೋಗುವಾಗಿನದು, ಬರುವಾಗಿನದು, ಬೇರೆ ಬೇರೆ ದಿನದ್ದು ಒಟ್ಟುಗೂಡಿದಾಗ ನಡುವೆ ದಟ್ಟ ಪಟ್ಟಿಯೊಂದು ಮೂಡುತ್ತದೆ. ಮೊದಲು ಚಿತ್ರವನ್ನು ಅದಕ್ಕೆ ಹೊಂದಿಸಬೇಕು, ಗೆರೆ ಆಮೇಲೆ. ಮುಂದಿನ ಬೆಟ್ಟಕ್ಕೆ ಅದೇ ಹೊಂದಿಕೆ ಒಗ್ಗದು. ಕಂಪನಿ ಹೊಸ ಚಿತ್ರ ಹಾಕಿದ ದಿನ ಎಲ್ಲ ಮೊದಲಿನಿಂದ.

ಬ್ರೌಸರಿನಲ್ಲೇ ತೆರೆಯುವ ‘ಐಡಿ’ ಎಡಿಟರ್‌ನಲ್ಲಿ ಚಿತ್ರ ಸರಿಸುವ ಸೌಲಭ್ಯ ಇದ್ದೇ ಇದೆ, ಆದರೆ ಹಿನ್ನೆಲೆ ಪಟ್ಟಿಯ ತಳದಲ್ಲಿ ಮಡಚಿಕೊಂಡು ಕೂತಿದೆ. ಅದು ಮೇಲೆ ಬರಲಿ. ಜಾಡುಗಳೇ ಇಲ್ಲದ ಗುಡ್ಡಗಾಡಿನಲ್ಲಿ ಯಾರಾದರೂ ರಸ್ತೆಯನ್ನು ಐದಾರು ಮೀಟರ್ ಎಳೆಯಹೊರಟರೆ, ಉಳಿಸುವ ಮುನ್ನ ಎಡಿಟರ್ ಒಮ್ಮೆ ತಡೆದು ಕೇಳಲಿ.