ಚಕ್ಕುಲಿ ಡಬ್ಬಿಗೆ ಕ್ಯಾಮೆರಾ ಬೇಡ

ಸ್ಮಾರ್ಟ್ ಫ್ರಿಜ್ ಬಂದರೆ ಮನೆಮಂದಿಯ ಕುರುಕಲು ಚಪಲ ತಾನಾಗಿ ಹತೋಟಿಗೆ ಬರುತ್ತದೆ ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ನಾನು ಒಪ್ಪಲಾರೆ. ಒಳಗೆ ಕ್ಯಾಮೆರಾ ಇರುವ ಫ್ರಿಜ್ಜನ್ನು ಸ್ಯಾಮ್‌ಸಂಗ್ 2016ರಲ್ಲೇ ತಂದಿತು. ಆದರೆ ನಮ್ಮಲ್ಲಿ ಚಕ್ಕುಲಿ, ನಿಪ್ಪಟ್ಟು, ಬೇಕರಿಯ ಖಾರ ಇರುವುದು ಫ್ರಿಜ್ಜಿನಲ್ಲಲ್ಲ, ಕೈ ಚಾಚಿದರೆ ಸಿಗುವ ಡಬ್ಬಿಯಲ್ಲಿ.

ಗೂಗಲ್ ತನ್ನ ನ್ಯೂಯಾರ್ಕ್ ಕಚೇರಿಯಲ್ಲಿ ಎಂ ಅಂಡ್ ಎಂ ಚಾಕೊಲೇಟನ್ನು ಒಳಗಿನದು ಕಾಣದ ಜಾಡಿಗೆ ಹಾಕಿ, ಪಿಸ್ತಾ, ಒಣ ಅಂಜೂರವನ್ನು ಗಾಜಿನ ಜಾಡಿಯಲ್ಲಿ ಕಾಣುವಂತೆ ಇಟ್ಟಿತು. ಏಳು ವಾರಗಳಲ್ಲಿ ನೌಕರರು ಆ ಚಾಕೊಲೇಟಿನಿಂದ ಪಡೆದ ಕ್ಯಾಲೊರಿ 31 ಲಕ್ಷದಷ್ಟು ಇಳಿಯಿತೆಂದು ವರದಿಯಾಯಿತು. ಸೆನ್ಸರ್ ಇಲ್ಲ, ಆ್ಯಪ್ ಇಲ್ಲ. ತಂತ್ರಜ್ಞಾನದ ದೈತ್ಯ ಕಂಪನಿಯೇ ನೆಚ್ಚಿದ್ದು ಮುಚ್ಚಿದ ಜಾಡಿಯನ್ನು!

ಲೇಖಕರು ಮೆಚ್ಚಿದ ಇನ್ನೊಂದು ಸೌಲಭ್ಯ ನನ್ನನ್ನು ಕೆರಳಿಸಿತು: ರಾತ್ರಿ ಬಾಗಿಲು ತೆರೆದರೆ ಮೊಬೈಲಿಗೆ ಸಂದೇಶ. ಇನ್ಸುಲಿನ್ ತೆಗೆದುಕೊಳ್ಳುವ ಅಮ್ಮ ಸಕ್ಕರೆ ಅಂಶ ಇಳಿದು, ಬೆವರುತ್ತ, ನಡುಗುವ ಕೈಯಲ್ಲಿ ಹಣ್ಣಿನ ರಸಕ್ಕೆ ಬಂದಿರಬಹುದು. ಮಗನ ಫೋನಿಗೆ ಹೋಗುವುದು ಮಾತ್ರ ಆಕೆ ಕದ್ದು ತಿಂದಳೆಂಬ ದೂರು. ಹೆತ್ತವಳ ಮೇಲೆ ಇಂಥ ಕಾವಲು ಹಾಕುವುದನ್ನು ಆರೋಗ್ಯದ ಕಾಳಜಿ ಎಂದು ಕರೆಯಬೇಡಿ.

ಎಚ್ಚರಿಕೆ ಇರಬೇಕಾದದ್ದು ಮಗನ ಫೋನಿನಲ್ಲಲ್ಲ, ತಿನಿಸಿನ ಪೊಟ್ಟಣದ ಮೇಲೆ. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲೇ ಕಪ್ಪು ಎಂಟುಮೂಲೆಯ ಎಚ್ಚರಿಕೆ ಅಚ್ಚು ಮಾಡಿಸುತ್ತಿದೆ. ನಮ್ಮ ಬಿಸ್ಕತ್ತು, ಚಿಪ್ಸ್ ಪೊಟ್ಟಣಗಳಿಗೂ ಮೊದಲು ಅದು ಬರಲಿ.